ಪಾಚಿಮನೆಯ ಮೆರಿಯೆಲ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿದರ್ಲಿ ಉದ್ಯಾನದ ಕೆರೆಯಂಚಿನ ಪಾಚಿಮನೆಯೊಳಗೆ ಮೆರಿಯೆಲ್ ಟಫಿನ್ ಮಂಡಿಯೂರಿ ಕೂತು, ಮರದ ಮೊಂಡು ಚಾಕುವಿನಿಂದ ಗೋಡೆಯ ಕಡ್ಡಿಗಳ ಸಂದಿಗೆ ಪಾಚಿ ತುರುಕುತ್ತಿದ್ದಾರೆ. ಆಚೆ ಮೂಲೆಯಲ್ಲಿ ಪುಟ್ಟ ಹಕ್ಕಿಯೊಂದು ನಿನ್ನೆ ತುರುಕಿದ್ದನ್ನೇ ಗೂಡಿಗೆಂದು ಕಿತ್ತು ಹಾರುತ್ತದೆ. “ಕಳ್ಳಿ. ಅವಳಿಗೂ ಸಂಸಾರ ಇದೆಯಲ್ಲ, ಏನ್ ಮಾಡೋದು,” ಎನ್ನುತ್ತಾರೆ ಮೆರಿಯೆಲ್, ಕೈ ನಿಲ್ಲಿಸದೆ.

ಹಳೆಯ ಕಾಲದ ಜಮೀನ್ದಾರರೊಬ್ಬರು, ಮಳೆ ಬಂದರೆ ಅತಿಥಿಗಳು ಕೂತು ಕೆರೆ ನೋಡಲಿ ಎಂದು ಕಟ್ಟಿಸಿದ ಮನೆಯಿದು. ಒಳಗೋಡೆಯೆಲ್ಲ ಪಾಚಿಯೇ. ಬಂದವರು ಫೋಟೋ ಹೊಡೆದುಕೊಂಡು ಚಹಾದಂಗಡಿಗೆ ನಡೆಯುತ್ತಾರೆ. ಪಾಚಿ ತಾನಾಗಿ ಬೆಳೆದದ್ದೆಂದೇ ಅವರ ಎಣಿಕೆ. ಅತ್ತೆಯಿಂದ ಕಲಿತ ಈ ಕೆಲಸದಲ್ಲಿ ಮೆರಿಯೆಲ್‌ರ ಬೆರಳಗಂಟುಗಳು ತಂಡಿಗೆ ಊದಿಕೊಂಡು ಎಷ್ಟೋ ವರ್ಷಗಳಾದವು.

ಕಳೆದ ಚಳಿಗಾಲ ಬಿರುಗಾಳಿಗೆ ಮರ ಬಿದ್ದು ಬಾಗಿಲ ಕಡೆಯ ಗೋಡೆಯ ಪಾಚಿ ಪೂರಾ ಹೋಯಿತು. ಕಾಡಿನ ಪಾಚಿ ಕೀಳುವುದನ್ನು ಉದ್ಯಾನ ಯಾವತ್ತೋ ಕೈಬಿಟ್ಟಿದೆ. ಈಸ್ಟರ್ ಹೊತ್ತಿಗೆ ಗೋಡೆ ತುಂಬದಿದ್ದರೆ ಪ್ಲಾಸ್ಟಿಕ್ ಪಾಚಿ ಹೊಡೆಸುವುದೆಂದು ಆಡಳಿತದವರು ಹೇಳಿಬಿಟ್ಟರು. ಮೆರಿಯೆಲ್ ಚರ್ಚಿನ ಬಾಗಿಲಲ್ಲಿ ನಿಂತು, ಮನೆಮುಂದಿನ ಹುಲ್ಲುಹಾಸಿನಿಂದ ಕೆರೆದ ಪಾಚಿ ಬಿಸಾಡಬೇಡಿ, ನನಗೆ ಕೊಡಿ ಎಂದು ಊರವರನ್ನು ಕೇಳಿಕೊಂಡರು. ಒಬ್ಬರೂ ತರಲಿಲ್ಲ. ಹುಲ್ಲುಹಾಸಿಗೆ ಪಾಚಿ ಹಿಡಿದರೆ ಆರೈಕೆ ಸಾಲದೆಂದೇ ಅರ್ಥ; ತಮ್ಮ ಹುಲ್ಲಿನಲ್ಲಿ ಅದು ಇದೆಯೆಂದು ಒಪ್ಪಿಕೊಳ್ಳುವುದು ಇಲ್ಲಿ ಮರ್ಯಾದೆಯ ಪ್ರಶ್ನೆ.

ಆಗ ಹೊರಟವರು ಡೆಸ್ಮಂಡ್ ಪ್ರೌಸ್. ಪ್ರತಿವರ್ಷ ಊರಿನ ಹುಲ್ಲುಹಾಸಿನ ಬಹುಮಾನ ಹೊಡೆಯುವ, ಪಾಚಿಯೆಂದರೆ ಮೂಗು ಮುರಿಯುವ ಮನುಷ್ಯ. ತಳ್ಳುಗಾಡಿಯ ಮೇಲೆ ಹಾಸಿಗೆಯ ಚಾದರ ಮುಚ್ಚಿಕೊಂಡು ಯಾರಿಗೂ ಗೊತ್ತಾಗದಂತೆ ಬರುತ್ತಿದ್ದವರು, ಬ್ರೆಡ್ ಅಂಗಡಿಯ ಸಾಲಿನೆದುರು ಬಂದಾಗ ಅದೇನನ್ನಿಸಿತೋ, ಚಾದರ ಕಿತ್ತೆಸೆದರು. ಗಾಡಿಯ ತುಂಬ ಪಾಚಿ. ಸಾಲಿನಲ್ಲಿದ್ದವರು ಬಾಯಿಬಿಟ್ಟು ನೋಡಿದರು.

“ನಮ್ಮನೇದೇ. ನಗೋರು ನಕ್ಕೊಳ್ಳಿ,” ಎಂದರು ಡೆಸ್ಮಂಡ್. “ಇವತ್ತು ಪ್ಲಾಸ್ಟಿಕ್ ಪಾಚಿ ಅಂತಾರೆ, ನಾಳೆ ಪ್ಲಾಸ್ಟಿಕ್ ಹುಲ್ಲು ಅಂತಾರೆ. ಆಗ ಏನ್ ಮಾಡ್ತೀರಿ?”

ಮರುದಿನ ಉದ್ಯಾನದ ಗೇಟು ತೆಗೆಯಲು ಜಾಗವಿರಲಿಲ್ಲ, ಅಷ್ಟು ಚೀಲಗಳು. ಈಸ್ಟರ್‌ಗೆ ಗೋಡೆ ತುಂಬಿತು. ಆಡಳಿತದವರು ಅದನ್ನೊಮ್ಮೆ ಸವರಿ ನೋಡಿ, ತರಿಸಿಟ್ಟಿದ್ದ ಪ್ಲಾಸ್ಟಿಕ್ಕನ್ನು ಸದ್ದಿಲ್ಲದೆ ವಾಪಸು ಕಳಿಸಿದರು. ಈಗ ಊರವರು ನೆಂಟರನ್ನು ಕರೆತಂದು, ನಮ್ಮ ಪಾಚಿ ಎಲ್ಲಿದೆ ತೋರಿಸಿ ಎಂದು ಮೆರಿಯೆಲ್‌ರನ್ನು ಪೀಡಿಸುತ್ತಾರೆ. ಇಷ್ಟು ವರ್ಷಕ್ಕೆ ಅವರ ಹೆಸರು ಹಿಡಿದು ಜನ ಕೇಳಿಕೊಂಡು ಬರುತ್ತಿದ್ದಾರೆ, ನೋಡಲು ಖುಷಿಯಾಗುತ್ತದೆ. ಡೆಸ್ಮಂಡ್‌ಗೆ ಮಾತ್ರ ಈ ವರ್ಷದ ಬಹುಮಾನ ತಪ್ಪಿತು.

ಬಿಸಿಲು ಬಂದಿದೆ. ಮೆರಿಯೆಲ್ ಚಾಕು ಒರೆಸಿಕೊಂಡು ಎದ್ದು, ಬಾಗಿಲ ಮೇಲ್ಭಾಗ ತೋರಿಸುತ್ತಾರೆ.

“ಡೆಸ್ಮಂಡ್‌ದು ಅಲ್ಲಿದೆ, ಒಳಗೆ ಬಂದೋರೆಲ್ಲ ಅದರ ಕೆಳಗೇ ಹಾಯಬೇಕು. ಆ ಕಳ್ಳಿ ಕೈಲೂ ಒಂದೆಳೆ ಕೀಳಕ್ಕಾಗಿಲ್ಲ, ಹಾಗೆ ತುರುಕಿದೀನಿ.”