ರೆಸಿಸ್ಟರಿನ ಕೆಂಪು ಪಟ್ಟಿ

ಆಲೂರಿನ ಆಚಾರ್ರು ದಸರಾ ಮುಗಿದ ಮರುದಿನ ಆದೋನಿಯ ನನ್ನ ಅಂಗಡಿಗೆ ಮೂಕಾದ ರೇಡಿಯೋ ತಂದ್ರು. ಒಳಗೊಂದು ರೆಸಿಸ್ಟರ್ ಸುಟ್ಟಿತ್ತು. ಮೈಮ್ಯಾಲಿನ ಪಟ್ಟಿಗಳ ಬಣ್ಣ ನೋಡಿ ಅದು ಎಷ್ಟು ಓಮಿಂದು ಅಂತ ಹೇಳಬೇಕು. ಹಳದಿ, ನೇರಳೆ, ಕೆಂಪು ಕಂಡ್ವು. ಅಂಥಾದ್ದೇ ಹೊಸದು ಹಾಕಿದೆ, ಹೊಗಿ ಎದ್ದಿತು. ಇನ್ನೊಂದು ಹಾಕಿದೆ, ಅದೂ ಹೋತು. ಆಚಾರ್ರ ಮುಂದ ಮಾನ ಹೋಗೂದಷ್ಟೇ ಬಾಕಿ. ಸಿಟ್ಟಿಗೆದ್ದು ಹಳೇದನ್ನ ಸ್ಪಿರಿಟ್ ಹಚ್ಚಿ ಒರೆಸಿದ್ರ ಕೆಂಪು ಬಣ್ಣ ಬಟ್ಟಿಗೆ ಹತ್ತಿತು, ಅಡಿಯಾಗ ಕಿತ್ತಳೆ ಪಟ್ಟಿ ಇತ್ತು! ಕಿತ್ತಳೆ ಅಂದ್ರ ಕೆಂಪಿನ ಹತ್ತು ಪಟ್ಟು; ಅದಕ್ಕೇ ನಾನು ಹಾಕಿದ್ವು ಸುಟ್ಟಿದ್ವು.

“ಇದೇನ್ರಿ, ಕುಂಕುಮ?”

“ಆಯುಧಪೂಜಿಗೆ ಹಚ್ಚಿದ್ದೆ. ರೇಡಿಯೋ ಕೆಟ್ಟದ ಅಂತ ಪೂಜಿ ಬಿಡ್ಲಿಕ್ಕೆ ಬರ್ತದೇನಪ್ಪಾ?”

“ಡಬ್ಬಿ ಮ್ಯಾಲೆ ಹಚ್ಚಿದ್ರ ಸಾಕಿತ್ತಲ್ರೀ!”

“ದುಡಿಯೋವು ಒಳಗಿನವಲ್ಲೇನು?”

ಕಿತ್ತಳೆ ಪಟ್ಟಿದು ಹಾಕಿದ ಕೂಡ್ಲೇ ರೇಡಿಯೋ ಮಾತಾಡ್ತು. ಆಚಾರ್ರು ಖುಷಿಯಾಗಿ ಚೀಲದಾಗಿಂದ ಕುಂಕುಮದ ಭರಣಿ ತಗದ್ರು. ನಾನು ಲಗೂನ ಡಬ್ಬಿ ಮುಚ್ಚಿ, ನನ್ನ ಹಣಿ ಮುಂದ ಮಾಡಿದೆ.