ಖಾರದ ಕೈಯಾಕಿ

ಬ್ಯಾಡಗಿಯೊಳಗ ನನ್ನ ಜೋಡಿ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಬರ್ತಿದ್ದಳು, ನಮ್ಮ ಬಾಜೂಮನಿ ಸೊಸಿ. ಮನ್ಯಾಗ ಎಂಟು ತಿಂಗಳ ಕೂಸು. ಗಲ್ಲ ತುರಿಸಿದರ ಹೆಗಲಿಗೆ ತಿಕ್ಕೊಳ್ಳಾಕಿ, ಕೈಯೆಲ್ಲಾ ಖಾರ. ಮತ್ತ ಬಸರಾದೀಯವಾ ಅಂತ ಯಾರರ ಅಂದರ, "ಕೂಸು ಮೊಲಿ ಕುಡಿತೈತಿ, ನನಗೇನಾಕ್ಕೈತಿ?" ಅಂತಿದ್ದಳು.

ಒಂದಿನ ಕೆಲಸದಾಗ ವಾಂತಿ ಮಾಡಿದಳು. ಮೆಣಸಿನಕಾಯಿ ಘಾಟು ಅಂದಳು. ನಾನು ನಂಬಲಿಲ್ಲ, ದವಾಖಾನಿಗೆ ಎಳಕೊಂಡು ಹೋದೆ.

ನರ್ಸಬಾಯಿ ಉಚ್ಚಿ ತಪಾಸಣಿ ಮಾಡಿ ಕೇಳಿದರು, "ಹಗಲೊತ್ತು ಕೂಸಿಗೆ ಏನು ಕುಡಸ್ತಿ?"

"ಅತ್ತಿ ಆಕಳ ಹಾಲು ಹಾಕ್ತಾರ್ರಿ. ಈ ಕೈಲೆ ನಾ ಹೆಂಗ ಮುಟ್ಟಲಿ? ರಾತ್ರಿ ಉರಿ ಇಳಿದ ಮ್ಯಾಲೆ ಮೊಲಿ ಕೊಡ್ತೇನ್ರಿ."

"ಹಂಗಾದ್ರ ಮೊಲಿ ಕುಡಸಿದರ ಬಸರಾಗೂದಿಲ್ಲ ಅನ್ನೂದನ್ನ ನಂಬಬಾರದವಾ. ಕೂಸು ಆರು ತಿಂಗಳ ಒಳಗಿನದಿರಬೇಕು, ನಿನಗ ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಬರೇ ಎದಿಹಾಲ ಕೊಡಬೇಕು. ಆವಾಗಷ್ಟ ಅದು ಕಾಯ್ತೈತಿ. ಈಗ ಬಸರಿ ಅದಿ ನೀನು."

ಆಕಿ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೊದಲಿನದು ಇನ್ನೂ ಗ್ವಾಡಿ ಹಿಡಿದು ನಡೆಯುವಾಗ ಎರಡನೇದನ್ನ ಹಡೆದಳು. ದವಾಖಾನಿ ಮಂಚದ ಮ್ಯಾಲೆ ಮಲಗಿಕೊಂಡೇ ನರ್ಸಬಾಯಿಗೆ, "ಲಗೂನ ಆ ಕಾಪರ್-ಟಿ ವಂಕಿ ಹಾಕಿಬಿಡ್ರಿ, ಸದ್ಯೇಕ ಮತ್ತೊಂದು ಬ್ಯಾಡ" ಅಂದಳು.

ಅತ್ತಿ ಬಾಗಿಲದಾಗ ನಿಂತು ಒದರಿದಳು, "ವಂಕಿ ಹಾಕಿದರ ಹಾಲು ಬತ್ತತೈತಿ!"

"ಹಾಲು ಎದ್ಯಾಗ ಐತ್ರಿ, ವಂಕಿ ಕೆಳಗ ಹಾಕ್ತಾರ. ನೀವು ಹೊರಗ ಕುಂದರ್ರಿ, ಅತ್ತಿ."