ಹೆಸರಿಗೆ ಬಿಟ್ಟ ಜಾಗ

ದೊಡ್ಡಮ್ಮನದು ಹೂವಿನ ಅಂಗಡಿ ಎಂದರೆ ಜನ ಮದುವೆಯ ಹೂಗುಚ್ಛಗಳನ್ನು ನೆನೆಸಿಕೊಳ್ಳುತ್ತಾರೆ. ಅಂಗಡಿ ಇದ್ದದ್ದು ದೊಡ್ಡಾಸ್ಪತ್ರೆಯ ಹಿಂದಿನ ಗೇಟಿನೆದುರು. ಮಗು ಹುಟ್ಟಿದವರು ಮುಂದಿನ ಗೇಟಿನಿಂದ ಹೋಗುತ್ತಾರೆ. ಹಿಂದಿನದರಿಂದ ಹೊರಡುವುದು ಹೆಣ. ಜೀವಮಾನವಿಡೀ ಅವಳು ಕಟ್ಟಿದ್ದು ಶವದ ಮೇಲಿಡುವ ಹೂಚಕ್ರ. ಬಳ್ಳಿಯನ್ನು ದುಂಡಗೆ ಬಗ್ಗಿಸಿ, ಸೊಪ್ಪು ಹೂ ಒತ್ತೊತ್ತಾಗಿ ಕಟ್ಟಿ, ಕೆಳಗೆ ಗೇಣುದ್ದ ಖಾಲಿ ಬಿಡುವುದು. ಅಲ್ಲಿಗೆ ಸತ್ತವರ ಹೆಸರು ಬರೆದ ರಿಬ್ಬನ್. ಗಿರಾಕಿ ಅಳುತ್ತಾ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಚಕ್ರ ಸಿದ್ಧವಾಗಿರುತ್ತಿತ್ತು.

ಮನೆಗೆ ಮಾತ್ರ ಅವಳು ಒಂದು ಎಸಳನ್ನೂ ತಂದವಳಲ್ಲ. ಹೊಸಿಲಾಚೆಯೇ ಬಟ್ಟೆ ಕೊಡವಿ ಒಳಗೆ ಬರುತ್ತಿದ್ದಳು.

ಅಂಥವಳ ಮನೆಯಲ್ಲಿ ಈ ಕ್ರಿಸ್‌ಮಸ್‌ಗೆ ಹಬ್ಬದ ಅಲಂಕಾರಕ್ಕೆ ಬಾಗಿಲ ಮೇಲೆ ತೂಗುಹಾಕುವ ಹಸಿರು ರೆಂಬೆಯ ಚಕ್ರ ಬೇಕೆಂದು ದೊಡ್ಡಪ್ಪ ಹಟ ಹಿಡಿದರು. ಬಸ್ ಓಡಿಸುತ್ತಿದ್ದ ಮನುಷ್ಯ; ಎದೆಯ ಆಪರೇಷನ್ ಮುಗಿಸಿ, ಸಾವಿನ ದವಡೆಯಿಂದ ಪಾರಾಗಿ ಈಗಷ್ಟೇ ಮನೆ ಸೇರಿದ್ದರು. ಡಾಕ್ಟರು ನಡೆಯಲು ಹೇಳಿದ್ದೇ ನೆಪ, ಪಾರ್ಕಿನಿಂದ ದಿನಾ ಜೇಬು ಹರಿಯುವಷ್ಟು ಪೈನ್ ಕಾಯಿ ತರುತ್ತಿದ್ದರು.

“ಅಂಗಡೀಲಿ ಪ್ಲಾಸ್ಟಿಕ್ದು ಸಿಗುತ್ತೆ, ತಂದು ನೇತುಹಾಕಿ” ಎಂದಳು ದೊಡ್ಡಮ್ಮ.

“ಊರಿಗೆಲ್ಲಾ ಕಟ್ಟಿಕೊಟ್ಟೆ. ಮನೆಗೊಂದು ಕಟ್ಟಿದ್ರೆ ನಿನ್ನ ಗಂಟೇನು ಹೋಗುತ್ತೆ? ಚಕ್ರ ಬರೋವರೆಗೂ ನಾನು ಮಾತ್ರೆ ನುಂಗಲ್ಲ.”

ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ನನ್ನ ಕೈಯಿಂದ ಚಕ್ರ ಹೋದ ಮನೇಲೆಲ್ಲಾ ಒಬ್ಬರು ಇಲ್ಲವಾಗಿದ್ದಾರೆ ಕಣೇ. ಇವರನ್ನ ಈಗಷ್ಟೇ ವಾಪಸ್ ತಂದಿದ್ದೀನಿ. ನನಗೆ ಭಯ.”

ನನಗೆ ರೇಗಿತು. “ದೊಡ್ಡಮ್ಮಾ, ಅವರು ಸತ್ತಮೇಲೆ ತಾನೇ ನಿನ್ನ ಹತ್ರ ಬರ್ತಿದ್ದದ್ದು?”

“ಗೊತ್ತು. ಗೊತ್ತಿದ್ರೆ ಭಯ ಹೋಗಿಬಿಡುತ್ತಾ?”

ಮಾತ್ರೆಯ ಹೊತ್ತು ಮೀರುತ್ತಿತ್ತು. ವಿಧಿಯಿಲ್ಲದೆ ಅವಳು ನೆಲದ ಮೇಲೆ ಹಳೇ ಪೇಪರ್ ಹಾಸಿ ಕೂತಳು. ಬಳ್ಳಿ ಬಗ್ಗಿತು, ಹಸಿರು ರೆಂಬೆಗಳು ಒಂದರ ಬಾಲ ಇನ್ನೊಂದು ಮುಚ್ಚುತ್ತಾ ಸುತ್ತಿಕೊಂಡವು. ನಡುನಡುವೆ ಪೈನ್ ಕಾಯಿ, ಒಣಗಿದ ಕಿತ್ತಳೆ ಸಿಪ್ಪೆ. ಮನೆಯೆಲ್ಲಾ ಘಮಘಮ. ನೋಡುತ್ತಾ ನೋಡುತ್ತಾ ಅವಳ ಮುಖ ಕೂಡ ಸಡಿಲಾಯಿತು. ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಎತ್ತಿ ಹಿಡಿದಳು.

ಕೆಳಗೆ ಗೇಣುದ್ದ ಜಾಗ ಖಾಲಿ ಇತ್ತು.

ಬುದ್ಧಿ ಬೇಡವೆಂದರೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ಕತ್ತರಿ ತೆಗೆದುಕೊಂಡು ಚಕ್ರವನ್ನೇ ಕತ್ತರಿಸಿ ಹಾಕಲು ಹೊರಟಳು. ನಾನೂ ತಡೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ದೊಡ್ಡಪ್ಪ ಕುರ್ಚಿ ಹಿಡಿದು ಮೆಲ್ಲಗೆ ನೆಲಕ್ಕಿಳಿದರು. ಕತ್ತರಿ ಕಸಿದುಕೊಂಡು ಪಕ್ಕಕ್ಕಿಟ್ಟರು. ಉಳಿದ ರೆಂಬೆಗಳನ್ನು ಖಾಲಿ ಜಾಗಕ್ಕೆ ತುರುಕಿ, ಬಸ್ಸಿನ ಮೇಲೆ ಲಗೇಜು ಬಿಗಿಯುವ ಹಾಗೆ ದಾರ ಸುತ್ತಿ ಸುತ್ತಿ ಎಳೆದರು. ಉಸಿರು ಕಟ್ಟುತ್ತಿತ್ತು, ಬಿಡಲಿಲ್ಲ.

“ಏನ್ರೀ ಮಾಡ್ತಿದ್ದೀರಾ? ಎದೆ ನೋವು ಬಂದೀತು, ಬಿಡ್ರೀ!”

“ನೋಡು, ಸತ್ತೋರು ಯಾರಾದ್ರೂ ತಮ್ಮ ಚಕ್ರಕ್ಕೆ ತಾವೇ ಗಂಟು ಹಾಕಿದ್ದನ್ನ ಕಂಡಿದ್ದೀಯಾ?”

ದೊಡ್ಡಮ್ಮ ನಕ್ಕಳು, ನಗುತ್ತಲೇ ಬಿಕ್ಕಿಬಿಕ್ಕಿ ಅತ್ತಳು. ಆಸ್ಪತ್ರೆಯಲ್ಲೂ ಅವಳು ಅತ್ತಿರಲಿಲ್ಲ.

ಚಕ್ರ ಈಗ ಬಾಗಿಲ ಮೇಲಿದೆ. ಮುಕ್ಕಾಲು ಭಾಗ ಕಣ್ಣಿಗೆ ಹಬ್ಬ, ಕೆಳಗೆ ಹೆಬ್ಬೆರಳ ಗಾತ್ರದ ಒರಟು ಗಂಟು. ಒಂದು ಎಲೆ ಸೊಟ್ಟಗಿದ್ದರೂ ಬಿಚ್ಚಿ ಕಟ್ಟುತ್ತಿದ್ದ ಹೆಂಗಸು ಅವಳು. ನಾನು ಸರಿಮಾಡಲು ಕೈ ಚಾಚಿದೆ.

“ಆ ಗಂಟಿಗೆ ಮಾತ್ರ ಕೈ ಹಾಕಬೇಡ” ಎಂದಳು.